ಫ್ಲೋರೈಡ್ ನೀರಿನ ಸಂಶೋಧನೆ ನಡೆಯುವ ಬಗೆ

ಕೇಳುಗ ಬಂಧುಗಳಿಗೆ ನಮಸ್ಕಾರ. ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನು ಕುಡಿಯುವ ನೀರಿನಿಂದ ತೆಗೆಯುವ ಸಂಶೋಧನೆ ಹೇಗೆ ನಡೆಯಬೇಕು ಎಂಬುದು ಇಂದಿನ ಮಾತು.

ಸಿವಿಲ್‌ನಲ್ಲಿ ಬಿ.ಇ., ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್., ಆಮೇಲೆ ಪಿಎಚ್.ಡಿ. ಪರಿಸರ ಎಂಜಿನಿಯರಿಂಗ್ ಪ್ರಾಧ್ಯಾಪಕರಲ್ಲಿ ಹೆಚ್ಚಿನವರು ಹತ್ತಿ ಬರುವ ಮೆಟ್ಟಿಲು ಇದೇ. 2021ರಿಂದ ಎಂ.ಟೆಕ್. ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಪತ್ರಿಕೆಯೂ ಇದೆ. ಪದವಿಗಳ ಮಾತು ಇಷ್ಟು ಸಾಕು. ಸಂಶೋಧನೆ ಗಟ್ಟಿಯೋ ಪೊಳ್ಳೋ ಎಂಬುದು ತಿಳಿಯುವುದು ಊರಿನ ನೀರಿನಲ್ಲಿ.

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಹಲವು ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಗ್ರಾನೈಟ್, ನೈಸ್ ಕಲ್ಲುಗಳಿಂದ ಅದು ನೀರಿಗಿಳಿಯುತ್ತದೆ. ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ತಗ್ಗಿದಷ್ಟೂ ಅದು ಕರಗಿಯೇ ಉಳಿಯುತ್ತದೆ. ನಮ್ಮ ದೇಶದ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ಮಾದರಿ ಹಿಡಿಯುವ ಮುನ್ನ ಪೈಪಿನಲ್ಲಿ ನಿಂತ ನೀರನ್ನು ಹರಿಯಬಿಡಬೇಕು. ಬಾಟಲಿ ಪ್ಲಾಸ್ಟಿಕ್ಕಿನದೇ ಆಗಬೇಕು, ಗಾಜು ಬೇಡ. ಎಲೆಕ್ಟ್ರೋಡಿನಿಂದ ಅಳೆಯುವಾಗ ಮಾದರಿಯಷ್ಟೇ ಟಿಸಾಬ್ ಬಫರ್, ಅಂದರೆ ಅಂಟಿಕೊಂಡ ಫ್ಲೋರೈಡನ್ನು ಬಿಡಿಸುವ ದ್ರಾವಣ, ಬೆರೆಸಬೇಕು. ಇದನ್ನು ಬೆರೆಸದಿದ್ದರೆ ಅಲ್ಯೂಮಿನಿಯಂಗೆ ಅಂಟಿಕೊಂಡ ಫ್ಲೋರೈಡ್ ಲೆಕ್ಕಕ್ಕೇ ಸಿಗದು. ಫ್ಲೋರೈಡ್ ತೆಗೆಯಲು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬಳಸುತ್ತಾರಲ್ಲ, ಆ ನೀರನ್ನು ಬಫರಿಲ್ಲದೆ ಅಳೆದರೆ ಸರಿಯಾಗಿ ಶುದ್ಧವಾಗದ ನೀರೂ ಶುದ್ಧವೆಂದೇ ತೋರುತ್ತದೆ. ಅಲ್ಲಿ ಉಳಿದ ಅಲ್ಯೂಮಿನಿಯಂ ಅನ್ನೂ ಅಳೆಯಲೇಬೇಕು. ಅದರ ಮಿತಿ ಲೀಟರಿಗೆ ಹೆಚ್ಚೆಂದರೆ 0.2 ಮಿಲಿಗ್ರಾಂ.

ಇನ್ನೊಂದು ದಾರಿ ಆಕ್ಟಿವೇಟೆಡ್ ಅಲ್ಯೂಮಿನಾ, ಅಂದರೆ ಸಣ್ಣ ರಂಧ್ರಗಳಿರುವ ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಇದು ಫ್ಲೋರೈಡನ್ನು ಚೆನ್ನಾಗಿ ಹಿಡಿಯುವುದು ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 5.5ರಿಂದ 6ರ ನಡುವೆ ಇದ್ದಾಗ. ಹಲವು ಪ್ರಬಂಧಗಳು ಮುಗ್ಗರಿಸುವುದೇ ಇಲ್ಲಿ. ಲ್ಯಾಬಿನಲ್ಲಿ ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಫ್ಲೋರೈಡ್ ಹಾಕಿ ಪರೀಕ್ಷಿಸಿದರೆ ಅಂಕಿಗಳು ಸೊಗಸಾಗಿ ಬರುತ್ತವೆ. ಅದೇ ಅಲ್ಯೂಮಿನಾ ಕ್ಷಾರ ಹೆಚ್ಚಿರುವ ಬೋರ್ ನೀರಿನಲ್ಲಿ ಬೇಗ ಸೋಲುತ್ತದೆ, ಏಕೆಂದರೆ ಬೈಕಾರ್ಬೊನೇಟ್, ಸಿಲಿಕಾ ಎರಡೂ ಫ್ಲೋರೈಡ್ ಅಂಟುವ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಆದ್ದರಿಂದ ವಿದ್ಯಾರ್ಥಿ ಊರಿನ ನೀರನ್ನೇ ತಂದು ಅಲ್ಯೂಮಿನಾ ತುಂಬಿದ ಕೊಳವೆಯಲ್ಲಿ (ಕಾಲಮ್) ಹರಿಸಿ, ಹೊರಬರುವ ನೀರಿನಲ್ಲಿ ಫ್ಲೋರೈಡ್ 1.5 ದಾಟುವವರೆಗೂ ಅಳೆಯುತ್ತಿರಬೇಕು. ಅಲ್ಲಿಯವರೆಗೆ ಎಷ್ಟು ನೀರು ಹರಿಯಿತು ಎಂಬುದೇ ಮಾರ್ಗದರ್ಶಕರು ಕೇಳಬೇಕಾದ ಮೊದಲ ಅಂಕಿ.

ಸೋತ ಅಲ್ಯೂಮಿನಾವನ್ನು ಶೇ. 1ರ ಕಾಸ್ಟಿಕ್ ಸೋಡಾದಿಂದ ತೊಳೆದು, ತೆಳು ಗಂಧಕಾಮ್ಲದಿಂದ ಸರಿದೂಗಿಸಿ ಮತ್ತೆ ಬಳಸಬಹುದು. ಆ ತೊಳೆದ ನೀರಿನಲ್ಲಿ ಫ್ಲೋರೈಡ್ ದಟ್ಟವಾಗಿರುತ್ತದೆ. ಸುಣ್ಣ ಹಾಕಿ ಕೂರಿಸಿದ ಮೇಲೂ ಮೇಲಿನ ತಿಳಿಯಲ್ಲಿ ಲೀಟರಿಗೆ ಹಲವು ಮಿಲಿಗ್ರಾಂ ಉಳಿಯುವುದರಿಂದ ಅದನ್ನು ಹಳ್ಳಕ್ಕಾಗಲಿ ಹೊಲಕ್ಕಾಗಲಿ ಬಿಡುವಂತಿಲ್ಲ.