ಮೆದುಳಿನ ಗಡ್ಡೆ ತೆಗೆದ ಮೇಲೆ ಐಸಿಯು ಒಳಗೆ ಏನು ನಡೆಯುತ್ತದೆ?

[ಪರದೆಯ ಮೇಲೆ: ಬಳ್ಳಾರಿಯ ಆಸ್ಪತ್ರೆಯೊಂದರ ಐಸಿಯು ಬಾಗಿಲು, ಹೊರಗೆ ಕುಳಿತ ಮನೆಯವರು]

ನಮಸ್ಕಾರ. ಸಿರುಗುಪ್ಪ, ಸಿಂಧನೂರು, ಗಂಗಾವತಿಯಿಂದ ಬಂದು ಈ ಬಾಗಿಲಲ್ಲಿ ಕಾಯುವವರಿಗೆ ಒಂದು ಸಂಕಟ: "ಆಪರೇಷನ್ ಚೆನ್ನಾಗಿ ಆಗಿದೆ ಎಂದರಲ್ಲ, ಮತ್ತೆ ಅಪ್ಪನಿಗೆ ನಿದ್ದೆ ಮಾಡಲು ಏಕೆ ಬಿಡುವುದಿಲ್ಲ?"

[ಟಾರ್ಚ್ ಬೆಳಕಿಗೆ ಕುಗ್ಗುವ ಕಣ್ಣಿನ ಪಾಪೆ]

ಮೊದಲ ದಿನ ಸಿಸ್ಟರ್ ಹೆಚ್ಚುಕಡಿಮೆ ಗಂಟೆಗೊಮ್ಮೆ ಎಬ್ಬಿಸುತ್ತಾರೆ. ಹೆಸರೇನು, ಎಲ್ಲಿದ್ದೀರಿ ಎಂದು ಕೇಳುತ್ತಾರೆ, ಕೈ ಎತ್ತಿಸುತ್ತಾರೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕ. ರೋಗಿಯ ಎಚ್ಚರ ಅಳೆಯಲು 1974ರಿಂದ ಬಳಕೆಯಲ್ಲಿರುವ ಗ್ಲಾಸ್ಗೋ ಕೋಮಾ ಸ್ಕೇಲ್ ಇದೇ. ತಲೆಯೊಳಗೆ ರಕ್ತ ಕಟ್ಟತೊಡಗಿದರೆ, ಮಾನಿಟರಿನಲ್ಲಿ ನಾಡಿ, ಬಿಪಿ ಏರುಪೇರಾಗುವ ಮುಂಚೆಯೇ ಸಾಮಾನ್ಯವಾಗಿ ರೋಗಿಯ ಎಚ್ಚರ ಮಂಕಾಗುತ್ತದೆ. ಅಂಕ ಇಳಿಯಿತೆಂದರೆ ತಕ್ಷಣ ಸಿಟಿ ಸ್ಕ್ಯಾನ್. ಆದ್ದರಿಂದ ದಯವಿಟ್ಟು ಸಿಸ್ಟರ್ ಮೇಲೆ ರೇಗಬೇಡಿ. ಅಷ್ಟು ದುಬಾರಿ ಯಂತ್ರಗಳ ನಡುವೆ ಆ ಪ್ರಶ್ನೆಗಳಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಎರಡು ಮೂರನೆಯ ದಿನ ಮನೆಯವರ ಎದೆ ಒಡೆಯುತ್ತದೆ. ನಿನ್ನೆ ಮಾತನಾಡಿದವರು ಇಂದು ಮಂಪರಿನಲ್ಲಿರುತ್ತಾರೆ, ಕಣ್ಣಿನ ರೆಪ್ಪೆ ಊದಿರುತ್ತದೆ. ಮೆದುಳಿನ ಬಾವು ಸಾಮಾನ್ಯವಾಗಿ 48ರಿಂದ 72 ಗಂಟೆಗಳಲ್ಲಿ ಹೆಚ್ಚುತ್ತದೆ. ಅದಕ್ಕೇ ತಲೆದೆಸೆಯನ್ನು ಸುಮಾರು 30 ಡಿಗ್ರಿ ಎತ್ತರಿಸುತ್ತಾರೆ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಈ ಔಷಧಿಯಿಂದ, ಹಿಂದೆಂದೂ ಸಕ್ಕರೆ ಕಾಯಿಲೆ ಇಲ್ಲದವರಿಗೂ ಸಕ್ಕರೆ ಏರಬಹುದು. ಬೆರಳು ಚುಚ್ಚಿ ನೋಡುತ್ತಿರುವುದು ಅದಕ್ಕಾಗಿ.

"ಬಾಯಿ ಒಣಗಿದೆ, ಒಂದು ಚಮಚ ನೀರು" ಎಂದು ಗುಟ್ಟಾಗಿ ಕುಡಿಸಬೇಡಿ. ನುಂಗುವ ಶಕ್ತಿ ಪರೀಕ್ಷಿಸುವ ಮುನ್ನ ಕೊಟ್ಟ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

[ಮನೆ, ಮಾತ್ರೆಗಳ ಡಬ್ಬಿ]

ಮನೆಗೆ ಬಂದ ಮೇಲೆ ಚೆನ್ನಾಗಿದ್ದಾರೆಂದು ಮಾತ್ರೆ ನಿಲ್ಲಿಸುವವರಿದ್ದಾರೆ. ಸ್ಟೀರಾಯ್ಡನ್ನು ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ಫಿಟ್ಸ್ ಮಾತ್ರೆಯ ಒಂದು ಹೊತ್ತೂ ತಪ್ಪಬಾರದು. ಹೊಲಿಗೆ ಬಿಚ್ಚಿಸಲು ಹೋದಾಗ ಬಯಾಪ್ಸಿ ವರದಿ, ಅಂದರೆ ತೆಗೆದ ಗಡ್ಡೆಯ ಪರೀಕ್ಷೆಯ ವರದಿ ಕೇಳಿ, ರೇಡಿಯೇಷನ್ ಬೇಕೇ ಎಂಬುದನ್ನು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಬೇಡ. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಗಾಯದಿಂದಲೋ ಮೂಗಿನಿಂದಲೋ ತಿಳಿನೀರು ಸೋರಿದರೆ, ಎಚ್ಚರ ಮಂಕಾದರೆ 108ಕ್ಕೆ ಕರೆ ಮಾಡಿ. ಡಿಸ್ಚಾರ್ಜ್ ಹಾಳೆ ಮತ್ತು ಸ್ಕ್ಯಾನ್ ಫಿಲ್ಮುಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಂಡಿರಿ. ಹೊಸ ವೈದ್ಯರು ಮೊದಲು ಕೇಳುವುದು ಅವನ್ನೇ.