ಬ್ರೌಸರಿಗೆ ಬಂದ ಕಂಪೈಲಾದ ಕೋಡ್

ಕೇಳುಗರೇ, ನಮಸ್ಕಾರ.

ವೆಬ್ ಪುಟ ಮಾಡೋದನ್ನು ನಾನು ಯಾರ ಹತ್ತಿರವೂ ಹೇಳಿಸಿಕೊಂಡು ಕಲಿಯಲಿಲ್ಲ. ಇಣುಕಿ ನೋಡಿ ಕಲಿತೆ. ಯಾವುದಾದರೂ ಪುಟ ಚೆನ್ನಾಗಿದೆ ಅನ್ನಿಸಿದರೆ ಮೌಸಿನ ಬಲಗಡೆ ಬಟನ್ ಒತ್ತಿ ‘ವ್ಯೂ ಸೋರ್ಸ್’ ಕೊಡುತ್ತಿದ್ದೆ. ಅದರ ಹೊಟ್ಟೆಯಲ್ಲಿರೋದೆಲ್ಲ ಕಣ್ಣ ಮುಂದೆ! ಒಂದು ಸಾಲು ನಕಲು ಮಾಡು, ಬದಲಿಸು, ಕೆಟ್ಟರೆ ಸರಿ ಮಾಡು. ಹೀಗೇ ಕಲಿತವರು ಲೆಕ್ಕವಿಲ್ಲದಷ್ಟು ಜನ.

ಈಗ ಬೇರೆ ಭಾಷೆಗಳಲ್ಲಿ ಬರೆದದ್ದನ್ನೂ ಬ್ರೌಸರಿನಲ್ಲಿ ಓಡಿಸುವ ‘ವೆಬ್‌ಅಸೆಂಬ್ಲಿ’ ಅನ್ನೋ ತಂತ್ರ ಬಳಸುವ ಪುಟವೊಂದಕ್ಕೆ ಹಾಗೆ ಇಣುಕಿ ನೋಡಿ. ‘ಡಾಟ್ ವಾಸ್ಮ್’ ಅನ್ನೋ ಫೈಲೊಂದು ಇಳಿದು ಬಂದಿರುತ್ತದೆ. ಬಿಚ್ಚಿದರೆ ಮೊದಲು ಒಂದು ಸೊನ್ನೆ ಬೈಟ್, ಆಮೇಲೆ ಎ, ಎಸ್, ಎಂ ಅನ್ನೋ ಮೂರು ಅಕ್ಷರ. ಅಲ್ಲಿಂದಾಚೆ ನಾವು ನೀವು ಓದುವಂಥದ್ದು ಜಾಸ್ತಿ ಇಲ್ಲ. ಸಿ ಪ್ಲಸ್ ಪ್ಲಸ್, ರಸ್ಟ್ ಇಂಥ ಭಾಷೆಯಲ್ಲಿ ಬರೆದದ್ದು ಮೊದಲೇ ಕಂಪೈಲಾಗಿ, ಅಂದರೆ ಯಂತ್ರಕ್ಕೆ ಹತ್ತಿರದ ರೂಪಕ್ಕೆ ಬದಲಾಗಿ, ಬರೀ ಬೈಟುಗಳಾಗಿದೆ. ಬ್ರೌಸರ್ ಅದನ್ನು ನಿಮ್ಮ ಪ್ರೊಸೆಸರಿಗೆ ತಕ್ಕಂತೆ ಮಾಡಿಕೊಂಡು ಓಡಿಸುತ್ತದೆ.

1995ರಲ್ಲಿ ಪ್ರೋಗ್ರಾಮರ್ ಬ್ರೆಂಡನ್ ಐಕ್, ವೆಬ್ ಪುಟದೊಳಗೆ ಓಡುವ ಭಾಷೆಯಾದ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಕಟ್ಟಿದರು. ಆಮೇಲೆ ಎಷ್ಟೋ ವರ್ಷ ಎಲ್ಲ ಬ್ರೌಸರಿಗೂ ತಾನಾಗಿ ಗೊತ್ತಿದ್ದ ಪ್ರೋಗ್ರಾಮಿಂಗ್ ಭಾಷೆ ಅದೊಂದೇ. ಜಾವಾ ಆಪ್ಲೆಟ್, ಫ್ಲಾಶ್ ಎಲ್ಲ ಹೊರಗಿನಿಂದ ಅಂಟಿಸಿದ ಪ್ಲಗಿನ್‌ಗಳು, ಬಂದವು, ಹೋದವು. ವೆಬ್‌ಅಸೆಂಬ್ಲಿ ಹಾಗಲ್ಲ. 2017ರ ಕೊನೆಯ ಹೊತ್ತಿಗೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ನಾಲ್ಕರ ಒಳಗೂ ಅದು ಸೇರಿತ್ತು. 2019ರ ಡಿಸೆಂಬರಿನಲ್ಲಿ ಡಬ್ಲ್ಯೂ3ಸಿ ಸಂಸ್ಥೆ ಅದನ್ನು ವೆಬ್ಬಿನ ಅಧಿಕೃತ ಮಾನದಂಡ ಮಾಡಿತು.

ಹಾಗಾದರೆ ಇಣುಕಿ ಕಲಿಯುವ ಬಾಗಿಲು ಮುಚ್ಚಿದ್ದು ಇದೇನಾ? ನನಗೆ ಹಾಗನ್ನಿಸೋದಿಲ್ಲ. ಅದು ಮೊದಲೇ ಮುಕ್ಕಾಲು ಮುಚ್ಚಿತ್ತು. ಈಗಿನ ಜಾವಾಸ್ಕ್ರಿಪ್ಟ್ ಬರುವಾಗಲೇ ಹೆಸರುಗಳೆಲ್ಲ ಒಂದೊಂದು ಅಕ್ಷರವಾಗಿ, ಸಾಲುಗಳೆಲ್ಲ ಒಂದೇ ಉದ್ದ ಹಗ್ಗವಾಗಿ ಹೊಸೆದುಕೊಂಡು ಬಂದಿರುತ್ತದೆ. ಅದನ್ನು ಯಾರು ಓದುತ್ತಾರೆ, ಅಲ್ವಾ?

ನಿಜವಾಗಿ ಬದಲಾಗುವುದು ಕೆಲಸ ಹಂಚುವ ರೀತಿ. ಇದು ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ಬರೆಯುತ್ತಾ ಹೋದ ಹಾಗೆ ಪದ ಎಣಿಸುವ ಒಂದು ಚಿಕ್ಕ ಸಲಕರಣೆ ಮಾಡಿದ್ದೆ. ಕಂಪೈಲಾದ ಕೋಡ್ ಅಂದರೆ ವೇಗ ಅಂತ ಎಣಿಸುವ ಭಾಗವನ್ನು ರಸ್ಟಿಗೆ ಬದಲಿಸಿದೆ. ಮೊದಲಿಗಿಂತ ನಿಧಾನವಾಯಿತು! ಎಣಿಕೆಯೇನೋ ಚುರುಕಾಗೇ ಇತ್ತು. ಆದರೆ ವೆಬ್‌ಅಸೆಂಬ್ಲಿ ಕೋಡಿಗೆ ಅದರದೇ ಬೇರೆ ಮೆಮೊರಿ. ಪುಟದ ಪಠ್ಯ ಅದಕ್ಕೆ ನೇರವಾಗಿ ಕಾಣೋದಿಲ್ಲ. ಪ್ರತಿ ಕೀಲಿ ಒತ್ತಿದಾಗಲೂ ಇಡೀ ಪಠ್ಯವನ್ನು ಆ ಕಡೆಗೆ ನಕಲು ಮಾಡಬೇಕಿತ್ತು. ಬರೀ ನಕಲೂ ಅಲ್ಲ. ‘ಕ’ ಅನ್ನೋ ಅಕ್ಷರಕ್ಕೆ ಜಾವಾಸ್ಕ್ರಿಪ್ಟಿನ ಲೆಕ್ಕದಲ್ಲಿ 2 ಬೈಟ್, ರಸ್ಟಿನ ಲೆಕ್ಕದಲ್ಲಿ 3. ಅಂದರೆ ಒಂದೊಂದು ಅಕ್ಷರವನ್ನೂ ಬೇರೆ ಅಳತೆಗೆ ಬದಲಿಸಿಯೇ ಗಡಿ ದಾಟಿಸಬೇಕು. ಮೂಟೆ ಹೊರೋದರಲ್ಲೇ ಹೊತ್ತು ಹೋಗುತ್ತಿತ್ತು.

ಪುಟದ ಬಟನ್ನು, ಪಟ್ಟಿ ಮುಟ್ಟಬೇಕಾದರೂ ಈಗಿನ ಮಟ್ಟಿಗೆ ಜಾವಾಸ್ಕ್ರಿಪ್ಟನ್ನೇ ಕೇಳಬೇಕು. ಹಾಗಾಗಿ ಅದರ ಕಾಲ ಮುಗಿಯಿತು ಅನ್ನೋದು ಸುಮ್ನೆ ಮಾತು. ಗಡಿ ದಾಟೋದು ಕಡಿಮೆ, ಒಳಗೆ ಲೆಕ್ಕ ಜಾಸ್ತಿ, ಇಂಥ ಕೆಲಸವನ್ನು ಆಚೆ ಕಡೆ ಕೊಡಿ. ಫೋಟೋ ತಿದ್ದೋದು, ವಿಡಿಯೋ ರೂಪ ಬದಲಿಸೋದು, ನಕ್ಷೆ ಬಿಡಿಸೋದು. ವಿನ್ಯಾಸ ಮಾಡುವವರು ಬಳಸುವ ಫಿಗ್ಮಾ 2017ರಲ್ಲಿ ಹೀಗೆ ಬದಲಾದಾಗ ಫೈಲ್ ತೆರೆದುಕೊಳ್ಳುವ ಸಮಯ ಮೂರನೇ ಒಂದು ಪಾಲಿಗೆ ಇಳಿಯಿತು.

ಇನ್ನೊಂದು ಲಾಭ ನನಗೆ ವೇಗಕ್ಕಿಂತ ದೊಡ್ಡದು. ಡೇಟಾ ಜೋಡಿಸಿಡುವ ಎಸ್‌ಕ್ಯೂಲೈಟ್, ವಿಡಿಯೋ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್ ಇಂಥ ಹಳೆಯ, ಪಳಗಿದ ಸಿ ಕೋಡನ್ನು ಹೊಸದಾಗಿ ಬರೆಯದೆ ಹಾಗೇ ಬ್ರೌಸರಿಗೆ ತರಬಹುದು. ಆದರೆ ಹೊರೆ ನೋಡಿಕೊಳ್ಳಿ. ಸಿ ಶಾರ್ಪ್‌ನಂಥ ಭಾಷೆ ತನ್ನ ರನ್‌ಟೈಮನ್ನೂ, ಅಂದರೆ ತಾನು ಓಡಲು ಬೇಕಾದ ಸಲಕರಣೆಯನ್ನೂ, ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ನೆಟ್ ನಿಧಾನ ಇದ್ದವರು ಖಾಲಿ ಪುಟ ನೋಡುತ್ತಾ ಕೂರಬೇಕಾಗುತ್ತದೆ.

ನನ್ನ ಪದ ಎಣಿಕೆಯನ್ನು ವಾಪಸ್ ಜಾವಾಸ್ಕ್ರಿಪ್ಟಿಗೇ ತಂದೆ. ಹನ್ನೆರಡು ಸಾಲು. ಹೊಸೆದು ಹಗ್ಗ ಮಾಡಿಲ್ಲ, ಇಣುಕುವವರು ಇಣುಕಲಿ ಅಂತ ಹಾಗೇ ಬಿಟ್ಟಿದ್ದೇನೆ.

ನಮಸ್ಕಾರ.