ಬಿದ್ದದ್ದು ಯಾರ ತಪ್ಪು?

ಕೇಳುಗರೇ, ನಮಸ್ಕಾರ. ಇವತ್ತು ಸ್ವಲ್ಪ ವ್ಯಾಕರಣ. ಹೆದರಬೇಡಿ, ಸಂಧಿ-ಸಮಾಸ ಬಿಡಿಸಿ ಅಂತ ಕೇಳುವುದಿಲ್ಲ.

ಜಾರ್ಜಿಯಾ ದೇಶದ ಪೂರ್ವಕ್ಕೆ ಕಾಖೇತಿ ಸೀಮೆ. ಅಲ್ಲಿ ಜೆಮೊ ಅಲ್ವಾನಿ ಅಂತ ಒಂದು ಊರು. ಬಾತ್ಸ್‌ಬಿ ನುಡಿ ಇವತ್ತು ಉಳಿದಿರುವುದು ಹೆಚ್ಚುಕಡಿಮೆ ಆ ಒಂದೇ ಊರಿನಲ್ಲಿ. ಆಡುವವರ ಹಿರಿಯರು ತುಶೇತಿ ಬೆಟ್ಟದ ಕುರಿಗಾಹಿಗಳು, 19ನೇ ಶತಮಾನದಲ್ಲಿ ಬಯಲಿಗೆ ಇಳಿದವರು. ಚೆಚೆನ್, ಇಂಗುಶ್ ನುಡಿಗಳು ಇದರ ದಾಯಾದಿಗಳು.

ಈ ನುಡಿಯಲ್ಲಿ 'ನಾನು' ಅನ್ನುವುದಕ್ಕೆ 'ಅಸ್' ಅಂತಲೂ ಇದೆ, 'ಸೊ' ಅಂತಲೂ ಇದೆ. ಕುರಿಮರಿ ಹೊತ್ತವನು ನಾನಾದರೆ 'ಅಸ್'. ಯಾರೋ ನನ್ನನ್ನೇ ಹೊತ್ತರೆ 'ಸೊ'. ಮಾಡಿದವನು, ಮಾಡಿಸಿಕೊಂಡವನು, ಅಷ್ಟೇ.

ಮಜಾ ಇರುವುದು 'ಬಿದ್ದೆ' ಅನ್ನುವಲ್ಲಿ. ಬೀಳುವುದಕ್ಕೆ ಕರ್ಮವೇ ಇಲ್ಲ, ಅಲ್ವಾ? ಆದರೂ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಕಾಲು ಜಾರಿತು, ನನ್ನ ಕೈಲಿ ಏನೂ ಇರಲಿಲ್ಲ ಅಂದರೆ 'ಸೊ'. ನೋಡಿಕೊಂಡು ನಡೆಯಲಿಲ್ಲ, ತಪ್ಪು ನನ್ನದೇ ಅಂದರೆ 'ಅಸ್'. ಬೇಕಂತಲೇ ಬಿದ್ದರೂ 'ಅಸ್'.

ನಮ್ಮಲ್ಲೂ ಇದರ ನೆರಳಿದೆ. 'ನನಗೆ ನೆಗಡಿಯಾಗಿದೆ' ಅನ್ನುತ್ತೇವೆ. ನೆಗಡಿ ಮಾಡಿದವರು ನಾವಲ್ಲ, ಸರಿ. ಆದರೆ ಆ 'ನನಗೆ' ನೆಗಡಿಯ ಜೊತೆಗೇ ಬರುತ್ತದೆ, ಮಳೆಯಲ್ಲಿ ಸುಮ್ನೆ ನೆಂದು ತಂದುಕೊಂಡರೂ ಬದಲಾಗುವುದಿಲ್ಲ. ಬಿದ್ದಾಗಲಂತೂ 'ಬಿದ್ದುಬಿಟ್ಟೆ' ಅಂತ ರಾಗ ಎಳೆದು ಕೈ ತೊಳೆದುಕೊಳ್ಳುತ್ತೇವೆ.

ಡೀ ಆನ್ ಹೋಲಿಸ್ಕಿ ಎಂಬ ಭಾಷಾ ವಿದ್ವಾಂಸೆ 1987ರಲ್ಲಿ ಇದನ್ನು ವಿವರವಾಗಿ ಬರೆದರು. ಈ ಆಯ್ಕೆ ಇರುವುದು ನಾನು, ನೀನು, ನಾವು, ನೀವು ಇಷ್ಟಕ್ಕೇ. 'ಅವನು ಬಿದ್ದ' ಅನ್ನುವಾಗ ಇಲ್ಲ. ಇನ್ನೊಬ್ಬರ ಮನಸ್ಸು ನಮಗೇನು ಗೊತ್ತು ಅಂತಿರಬೇಕು, ಇದು ನನ್ನ ಊಹೆ. 'ನೀನು' ಮಾತ್ರ ಎದುರಿಗೇ ಇರುತ್ತಾನೆ. 'ನೀನು ಬಿದ್ದೆ' ಅನ್ನುವಾಗಲೇ ಬೈಗುಳವೋ ಮರುಕವೋ ಅವನಿಗೆ ತಿಳಿದುಬಿಡುತ್ತದೆ.

ಆ ಊರಿನವರೆಲ್ಲ ಜಾರ್ಜಿಯನ್ ಬಲ್ಲವರು. ಶಾಲೆ, ಕಚೇರಿ ಎಲ್ಲ ಅದರಲ್ಲೇ. ಬಾತ್ಸ್‌ಬಿ ಸಲೀಸಾಗಿ ಆಡುವವರಲ್ಲಿ ವಯಸ್ಸಾದವರೇ ಜಾಸ್ತಿ. ಆಂಟನ್ ಶೀಫ್ನರ್ ಈ ನುಡಿಗೆ ವ್ಯಾಕರಣ ಬರೆದದ್ದು 1856ರಲ್ಲಿ. ಪುಸ್ತಕದಲ್ಲಿ 'ಅಸ್', 'ಸೊ' ಎರಡೂ ಉಳಿಯುತ್ತವೆ. ಒದ್ದೆ ಮೆಟ್ಟಿಲ ಮೇಲೆ ಓಡಿ ಜಾರಿದರೆ ಯಾವುದು ಅನ್ನುವುದನ್ನು ಮಾತ್ರ ಆಡುವವರೇ ಹೇಳಬೇಕು. ಹಾಗಾಗಿ ಬರೆದುಕೊಳ್ಳಲು ಹೋದವರು ''ಬಿದ್ದೆ' ಅನ್ನುವುದಕ್ಕೆ ಏನಂತೀರಿ?' ಅಂತ ಕೇಳಿದರೆ ಸಾಲದು. 'ಹೇಗೆ ಬಿದ್ರಿ?' ಅಂತಲೂ ಕೇಳಬೇಕು.

ನಮಸ್ಕಾರ.